ಉಸಿರು ಬಿಟ್ಟು ನಿಲ್ಲು

ಜನವರಿ 9

ಸೂಜಿ,

ಈ ಹೆಸರಿನಿಂದ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಬೇರೆ ರೀತಿ ಶುರುಮಾಡಿ ನಾಲ್ಕು ಹಾಳೆ ಹರಿದು ಹಾಕಿದ ಮೇಲೆ ಇದೇ ಇರಲಿ ಅನ್ನಿಸಿತು. ನಿನ್ನ ವಿಳಾಸ ಅಮ್ಮನ ಪುಸ್ತಕದಲ್ಲಿ ಸಿಕ್ಕಿತು. ಹನ್ನೊಂದು ವರ್ಷದ ಹಳೆಯದು. ನೀನು ಆ ಮನೆ ಬಿಟ್ಟಿದ್ದರೆ, ಇದನ್ನು ಒಡೆದು ಓದುತ್ತಿರುವವರು ದಯವಿಟ್ಟು ಟೈಲರಮ್ಮ ಎಲ್ಲಿ ಹೋದಳೆಂದು ಎರಡು ಸಾಲು ಬರೆದು ತಿಳಿಸಬೇಕು.

ಸುಮ್ಮನೆ ಬರೆಯುತ್ತಿಲ್ಲ, ಡಾಕ್ಟರು ಬರೆಸುತ್ತಿದ್ದಾರೆ. ಹೋದ ತಿಂಗಳು ಬೇಕರಿಯ ಮೆಟ್ಟಿಲು ಹತ್ತುವಾಗ ಏದುಸಿರು ಬಂತು. ನಿನ್ನ ಅತ್ತಿಗೆ ಕಿವಿ ಹಿಂಡಿ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ನೂರ ತೊಂಬತ್ತೆರಡು ಬಂದಿದೆ. ಹೃದಯದ ಪರೀಕ್ಷೆಯಲ್ಲಿ ಸದ್ಯಕ್ಕೆ ತೊಂದರೆ ಕಾಣಲಿಲ್ಲ. "ಮೂರು ತಿಂಗಳು ಊಟ ತಿದ್ದಿಕೊಳ್ಳಿ, ದಿನಾ ನಡೀರಿ. ಆಮೇಲೆ ಮಾತ್ರೆ ವಿಷಯ ನೋಡೋಣ" ಅಂದರು. ಆಮೇಲೆ ಅಪ್ಪನ ಬಗ್ಗೆ ಕೇಳಿದರು. ಐವತ್ತೊಂದನೇ ವಯಸ್ಸಿಗೆ ಹೃದಯಾಘಾತ ಅಂದೆ. ಅವರು ಪೆನ್ನು ಕೆಳಗಿಟ್ಟು, "ನಿಮಗೆಷ್ಟು ವಯಸ್ಸು?" ಅಂದರು. "ಐವತ್ತೊಂದು" ಅಂದೆ. "ಒಡಹುಟ್ಟಿದವರು ಇದ್ದಾರಾ? ಇದು ರಕ್ತದಲ್ಲಿ ಬಂದಿರಬಹುದು. ಅವರಿಗೂ ಪರೀಕ್ಷೆ ಮಾಡಿಸೋಕೆ ಹೇಳಿ. ಇವತ್ತೇ ಹೇಳಿ" ಅಂದರು.

ಇವತ್ತೇ ಅಂದು ಮೂರು ವಾರವಾಯಿತು. ಈಗ ಹೇಳುತ್ತಿದ್ದೇನೆ. ರಕ್ತ ಕೊಟ್ಟು ಬಾ. ನನಗಾಗಿ ಬೇಡ, ನಿನಗಾಗಿ.

ನಿನ್ನ,
ಬನ್ ಅಣ್ಣ

ಫೆಬ್ರವರಿ 2

ಅಣ್ಣನವರಿಗೆ,

ನಿಮ್ಮ ಪತ್ರ ತಲುಪಿತು. ಮನೆ ಬದಲಾಗಿಲ್ಲ. ಕೆಳಗೆ ಔಷಧಿ ಅಂಗಡಿ, ಮೇಲೆ ನಾನು, ನನ್ನ ಮೆಷಿನ್ನು, ನನ್ನ ಮಗಳು. ಅವಳಿಗೆ ಈಗ ಹತ್ತೊಂಬತ್ತು.

ನಿಮ್ಮ ಆರೋಗ್ಯ ಸುಧಾರಿಸಲಿ. ಪರೀಕ್ಷೆ ನನಗೆ ಬೇಕಾಗಿಲ್ಲ. ನನ್ನ ಸೊಂಟ ಇಪ್ಪತ್ತಾರು ಇಂಚು. ಮದುವೆಯಲ್ಲಿ ಹೊಲಿದುಕೊಂಡ ರವಿಕೆ ಇವತ್ತಿಗೂ ಸಡಿಲ.

ಅಮ್ಮ ತೀರಿಕೊಂಡ ವಾರ, ಅವಳ ಕೋಣೆ ಖಾಲಿ ಮಾಡುವಾಗ ನೀವು ಹೇಳಿದ್ದನ್ನು ನಾನು ಮರೆತಿಲ್ಲ. "ಅವತ್ತು ಬೆಳಿಗ್ಗೆ ಅಪ್ಪನ ಕೈ ನೋಯ್ತಿದ್ದದ್ದು ನಿಂಗೆ ಗೊತ್ತಿತ್ತು. ಯಾರಿಗೂ ಹೇಳ್ದೆ ಮುಲಾಮು ಹಚ್ಚಿ ಕಳಿಸ್ದೆ" ಅಂದಿರಿ. ನಾನು ಹೊಲಿಗೆ ಮೆಷಿನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ನೀವು ನಿಲ್ದಾಣದವರೆಗೂ ಬರಲಿಲ್ಲ.

ಫೋನ್ ನಂಬರ್ ಕಳಿಸುತ್ತಿಲ್ಲ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುವವರು. ಬರೆಯಬೇಕೆನಿಸಿದರೆ ಬರೆಯಿರಿ.

ಇಂತಿ,
ತಂಗಿ

ಫೆಬ್ರವರಿ 11

ಸೂಜಿ,

ಬರೆಯಬೇಕೆನಿಸಿದರೆ ಬರೆಯಿರಿ ಅಂದೆಯಲ್ಲ, ಆ ಒಂದು ಸಾಲನ್ನು ನಿನ್ನ ಅತ್ತಿಗೆಗೆ ನಾಲ್ಕು ಸಲ ಓದಿ ಹೇಳಿದೆ. ಐದನೇ ಸಲಕ್ಕೆ ಅವಳು ಎದ್ದು ಹೋದಳು.

ಬೇಕರಿಯವನಿಗೆ ಪಥ್ಯ ಹೇಳುವುದೆಂದರೆ ಏನೆಂದು ಆ ಡಾಕ್ಟರಿಗೆ ಗೊತ್ತಿಲ್ಲ. ಬೆಣ್ಣೆ ಬಿಸ್ಕತ್ತಿನ ಒಂದೊಂದು ಟ್ರೇ ಓವನ್ನಿನಿಂದ ಇಳಿದಾಗಲೂ ಒಂದು ಮುರಿದು ಬಾಯಿಗೆ ಹಾಕುವುದು ಅಪ್ಪ ಹೇಳಿಕೊಟ್ಟ ಕ್ರಮ. "ತಿನ್ನದೆ ಮಾರಬೇಡ" ಅನ್ನುತ್ತಿದ್ದ. ಒಂದು ದಿನ ಕೂತು ಲೆಕ್ಕ ಹಾಕಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಹದಿನೇಳು ಬಿಸ್ಕತ್ತು, ಎರಡು ಪಫ್ಸು, ಒಂದು ಕೇಕಿನ ಅಂಚು. ಇದು ಊಟವಲ್ಲ, ಕೆಲಸ ಅಂದುಕೊಂಡೇ ಇಪ್ಪತ್ತನಾಲ್ಕು ವರ್ಷ ತಿಂದಿದ್ದೇನೆ!

ಈಗ ತಿನ್ನುವುದಿಲ್ಲ. ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತೇನೆ. ಚೆನ್ನಾಗಿ ಬೆಂದದ್ದು ಟಕ್ ಅನ್ನುತ್ತದೆ, ಹಸಿ ಉಳಿದದ್ದು ಸದ್ದೇ ಮಾಡುವುದಿಲ್ಲ. ಗಿರಾಕಿಗಳು ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ.

ಹತ್ತಿರದ ಅಂಚೆ ಡಬ್ಬಿ ಎದುರು ರಸ್ತೆಯಲ್ಲೇ ಇದೆ. ಆದರೂ ನಿನಗೆ ಬರೆಯುವ ಪತ್ರವನ್ನು ದೊಡ್ಡ ಅಂಚೆ ಕಚೇರಿಯವರೆಗೂ ನಡೆದು ಹೋಗಿ ಹಾಕುತ್ತೇನೆ. ಹೋಗಿ ಬರಲು ಐವತ್ತು ನಿಮಿಷ. ಕಾಗದ ಇಲ್ಲದ ದಿನವೂ ಕಚೇರಿಯ ಗೇಟು ಮುಟ್ಟಿ ಬರುತ್ತೇನೆ.

ಮನೆಯಲ್ಲಿದ್ದ ಒಂದೇ ಅಳತೆ ಟೇಪನ್ನು ನೀನು ತೆಗೆದುಕೊಂಡು ಹೋದೆ. ಹಾಗಾಗಿ ಕೇಕಿನ ಪೆಟ್ಟಿಗೆ ಕಟ್ಟುವ ದಾರವನ್ನು ಹೊಟ್ಟೆಗೆ ಸುತ್ತಿ ಕತ್ತರಿಸಿ ಇದರಲ್ಲಿಟ್ಟಿದ್ದೇನೆ. ನೀನೇ ಅಳೆದು ನೋಡು. ನಗಬೇಡ.

ಸೊಂಟಕ್ಕೂ ರಕ್ತಕ್ಕೂ ಸಂಬಂಧವಿಲ್ಲವಂತೆ. ಕಡ್ಡಿಯಂಥವರಿಗೂ ಇರುತ್ತದಂತೆ. ರಕ್ತ ಕೊಟ್ಟು ಬಾ.

ಬನ್ ಅಣ್ಣ

ಮಾರ್ಚ್ 1

ಅಣ್ಣ,

ನಲವತ್ತೆರಡೂವರೆ ಇಂಚು. ನಕ್ಕೆ. ಮಗಳು ಏನಾಯಿತೆಂದು ಓಡಿ ಬಂದಳು. "ಇದು ನಿನ್ನ ಸೋದರಮಾವ" ಎಂದು ದಾರ ತೋರಿಸಿದೆ. ಎಂಟು ವರ್ಷದವಳಿದ್ದಾಗ ನೋಡಿದ ಮಾವ ಅವಳಿಗೆ ಈಗ ಒಂದು ದಾರವಾಗಿ ಬಂದಿದ್ದಾನೆ. ಅದನ್ನು ಮೆಷಿನ್ನಿನ ಪಕ್ಕದ ಮೊಳೆಗೆ ನೇತುಹಾಕಿದ್ದಾಳೆ.

ಹದಿನೇಳು ಬಿಸ್ಕತ್ತಾ? ಅಪ್ಪನೂ ಹಾಗೇ ತಿನ್ನುತ್ತಿದ್ದ. ಅವನ ಅಂಗಿಗಳ ಹೊಲಿಗೆ ಬಿಚ್ಚಿ ದೊಡ್ಡದು ಮಾಡುತ್ತಿದ್ದವಳು ನಾನೇ. ಪ್ರತಿ ವರ್ಷ ಒಂದು ಇಂಚು. ಕೊನೆಗೆ ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ.

ನನ್ನ ವಿಷಯ ಬಿಡು. ಕೂತಲ್ಲೇ ಹತ್ತು ಗಂಟೆ ಕೆಲಸ. ಶಾಲೆಗಳ ಸಮವಸ್ತ್ರ ಶುರುವಾಗಿದೆ, ಮೇಲೇಳಲು ಪುರುಸೊತ್ತಿಲ್ಲ. ಊಟದ ಬದಲು ಚಹಾ, ಚಹಾಕ್ಕೆ ಜೊತೆಯಾಗಿ ಏನಾದರೂ ಕರಿದದ್ದು. ನನಗೆ ಯಾವುದೂ ಮೈಗೆ ಹತ್ತುವುದಿಲ್ಲ, ನಿನಗೆ ಗೊತ್ತೇ ಇದೆ.

ಮುಂದಿನ ದಾರ ಕಳಿಸು.

ಸೂಜಿ

ಮಾರ್ಚ್ 20

ಸೂಜಿ,

ನೀನು ಸಹಿ ಹಾಕಿದ ಹೆಸರನ್ನು ನೋಡಿ ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ. ಈರುಳ್ಳಿ ಹೆಚ್ಚುತ್ತಿದ್ದೆ ಅಂತ ಗಿರಾಕಿಗೆ ಹೇಳಿದೆ. ಕೈಯಲ್ಲಿ ಕೇಕು ಇತ್ತು.

ಸುದ್ದಿ ಕೇಳು. ಓಟ್ಸ್ ಬ್ರೆಡ್ಡು ಮಾಡಿದೆ. ಬೆಣ್ಣೆ ಇಲ್ಲ, ಸಕ್ಕರೆ ಕಡಿಮೆ. ಮೊದಲನೆಯದು ಇಟ್ಟಿಗೆಯಾಗಿ ಬಂತು. ಒಂದು ವಾರ ಹಿತ್ತಲ ಬಾಗಿಲು ಬಡಿದುಕೊಳ್ಳದಂತೆ ಅದನ್ನೇ ಅಡ್ಡ ಇಟ್ಟಿದ್ದೆವು. ಎರಡನೆಯದನ್ನು ನಿನ್ನ ಅತ್ತಿಗೆ ಗಂಡನ ಮುಖ ನೋಡಿ ತಿಂದಳು. ಆರನೆಯದು ಚೆನ್ನಾಗಿದೆ. ಈಗ ದಿನಕ್ಕೆ ಒಂಬತ್ತು ಹೋಗುತ್ತದೆ. ಅದರಲ್ಲಿ ಒಂದು ಡಾಕ್ಟರಿಗೆ. ಮನೆಯಲ್ಲೂ ಕಾಳು, ಸೊಪ್ಪು, ಹಣ್ಣು. ಮೊದಲ ಎರಡು ವಾರ ಎಲ್ಲರ ಮೇಲೂ ಹರಿಹಾಯ್ದೆ. ಆಮೇಲೆ ನಾಲಿಗೆ ತಾನಾಗಿ ತೆಪ್ಪಗಾಯಿತು.

ನಡಿಗೆಯಲ್ಲಿ ಈಗ ಏದುಸಿರು ಇಲ್ಲ. ಅಂಚೆ ಕಚೇರಿಯ ಮುಂದಿನ ದಿಣ್ಣೆಯನ್ನು ನಿಲ್ಲದೆ ಹತ್ತುತ್ತೇನೆ. ಜನವರಿಯಲ್ಲಿ ಎರಡು ಕಡೆ ನಿಂತು ಅಂಗಡಿ ಬೋರ್ಡು ಓದುವ ನಾಟಕ ಮಾಡುತ್ತಿದ್ದೆ.

ದಾರ ಇಟ್ಟಿದ್ದೇನೆ. ನೋಡಿ ಬೆರಗಾಗು!

ಇನ್ನು ಮೈಗೆ ಹತ್ತದಿರುವ ವಿಷಯ. ಸೂಜಿ, ಅದು ಮೈಗೆ ಹತ್ತುವುದಿಲ್ಲ, ರಕ್ತನಾಳಕ್ಕೆ ಹತ್ತುತ್ತದೆ. ಟೇಪಿಗೆ ಸಿಗುವುದಿಲ್ಲ. ನಿನಗೆ ನಲವತ್ತೇಳು. ಮಗಳಿದ್ದಾಳೆ. ಒಂದು ಸೂಜಿ ಚುಚ್ಚಿಸಿಕೊಳ್ಳುವುದಕ್ಕೆ ನೀನು ಹೆದರುತ್ತೀಯಾ?

ಬನ್ ಅಣ್ಣ

ಏಪ್ರಿಲ್ 4

ಅಣ್ಣ,

ಮೂವತ್ತೆಂಟು ಇಂಚು. ಐದೇ ವಾರದಲ್ಲಿ ನಾಲ್ಕೂವರೆ ಇಂಚು ಇಳಿಯಿತಾ? ಯಾರ ಕಿವಿಗೆ ಹೂವು ಇಡುತ್ತೀಯ?

ಇಪ್ಪತ್ತೈದು ವರ್ಷದಿಂದ ಗಂಡಸರ ಹೊಟ್ಟೆಗೆ ಟೇಪು ಸುತ್ತುತ್ತಿದ್ದೇನೆ. ಟೇಪು ಮುಟ್ಟಿದ ತಕ್ಷಣ ಪ್ರತಿಯೊಬ್ಬನೂ ಉಸಿರು ಒಳಗೆಳೆದುಕೊಳ್ಳುತ್ತಾನೆ. ಅದಕ್ಕೆ ನಾನು ಅಳತೆ ಬರೆದುಕೊಳ್ಳುವ ಮೊದಲು "ಉಸಿರು ಬಿಟ್ಟು ನಿಲ್ಲಿ" ಅನ್ನುತ್ತೇನೆ. ಆಗ ನಿಜವಾದ ಹೊಟ್ಟೆ ಹೊರಗೆ ಬರುತ್ತದೆ. ಹಾಗೆ ಹೇಳದೆ ಹೊಲಿದರೆ ಅಂಗಿಯ ಗುಂಡಿ ಮೊದಲ ಊಟಕ್ಕೇ ಹಾರುತ್ತದೆ. ನೀನು ಉಸಿರು ಬಿಗಿಹಿಡಿದು ಅಳೆದಿದ್ದೀಯ. ಈ ದಾರ ಮೊಳೆಗೆ ಹೋಗಿಲ್ಲ, ಕಸದ ಬುಟ್ಟಿಗೆ ಹೋಗಿದೆ.

ಪರೀಕ್ಷೆಯ ವಿಷಯ ಇನ್ನು ಎತ್ತಬೇಡ. ಗೊತ್ತು ಮಾಡಿಕೊಂಡು ಏನು ಮಾಡಲಿ? ಒಂದು ಸಲ ನನಗೆ ಗೊತ್ತಿತ್ತು. ಏನೂ ಮಾಡಲಿಲ್ಲ. ಆ ಬೆಳಿಗ್ಗೆ ಅಪ್ಪ "ಎಡಗೈ ಯಾಕೋ ಎಳೀತಿದೆ ಮಗಳೇ" ಅಂದಾಗ ಅವನ ಹಣೆಯಲ್ಲಿ ಬೆವರಿತ್ತು. ನಾನು ನೋಡಿದ್ದೆ. ಮುಲಾಮು ಹಚ್ಚಿದೆ. ನೀನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ನಾನು ಬಸ್ಸು ಹತ್ತಿದ್ದು. ಗೊತ್ತಾಗುವುದೆಂದರೆ ನನಗೆ ಭಯ. ಸಾಕಾ?

ಸೂಜಿ

ಏಪ್ರಿಲ್ 16

ಸೂಜಿ,

ದಾರದಲ್ಲಿ ಮೋಸ ಮಾಡಿದ್ದು ನಿಜ. ಉಸಿರು ಒಳಗೆಳೆದುಕೊಂಡೆ. ನಿಜವಾದದ್ದು ನಲವತ್ತೊಂದು. ಈ ಸಲ ದಾರ ಇಟ್ಟಿಲ್ಲ.

ನೆನ್ನೆ ಮತ್ತೆ ರಕ್ತ ಪರೀಕ್ಷೆಯ ವರದಿ ಬಂತು. ನೂರ ಅರವತ್ತೊಂದು. ಡಾಕ್ಟರಿಗೆ ಖುಷಿಯಾಗಿದೆ. ಆದರೆ ಅಪ್ಪನ ಕಾರಣಕ್ಕೆ ಇಷ್ಟು ಸಾಲದು, ಒಂದು ಸಣ್ಣ ಮಾತ್ರೆಯೂ ಇರಲಿ ಅಂದರು. ಸೋತೆನಾ ಎಂದು ಕೇಳಿದೆ. "ನಡಿಗೆ, ಊಟ, ಮಾತ್ರೆ ಮೂರೂ ಒಂದೇ ಕಡೆಯವರು ಕಣ್ರೀ, ಅವರವರಲ್ಲೇ ಪಂದ್ಯ ಯಾಕೆ?" ಅಂದರು.

ಮನೆಗೆ ಬಂದು ಸಂತೋಷಪಡಬೇಕಿತ್ತು. ಆಗಲಿಲ್ಲ. ನಿನ್ನ ಕಾಗದ ಜೇಬಿನಲ್ಲಿತ್ತು. ಈಗ ಉಸಿರು ಬಿಟ್ಟೇ ಬರೆಯುತ್ತೇನೆ.

ಆ ಬೆಳಿಗ್ಗೆ ಬೇಕರಿಗೆ ಬಂದ ಅಪ್ಪ ನನಗೂ ಹೇಳಿದ್ದ. "ಎದೆ ಹಿಡ್ದಂಗಿದೆ ಕಣೋ. ಹಿಟ್ಟಿನ ಮೂಟೆ ನೀನು ಇಳಿಸ್ಕೋ" ಅಂದ. ನಾನು ಮದುವೆ ಕೇಕಿನ ಮೇಲೆ ಸಕ್ಕರೆಯ ಹೂವು ಕೂರಿಸುತ್ತಿದ್ದೆ. "ಐದು ನಿಮಿಷ ಇರಪ್ಪ" ಅಂದೆ. ತಲೆ ಎತ್ತಿಯೂ ನೋಡಲಿಲ್ಲ. ಹೂವು ಚೆನ್ನಾಗಿ ಬರುತ್ತಿತ್ತು. ಐದು ನಿಮಿಷ ಹೋಗಿ ಇಪ್ಪತ್ತಾಯಿತು. ಹೊರಗೆ ಬಂದಾಗ ನಾಲ್ಕು ಮೂಟೆ ಅವನೇ ಇಳಿಸಿ, ಐದನೆಯದರ ಮೇಲೆ ತಲೆಯಿಟ್ಟು ಮಲಗಿದ್ದ.

ಇದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಹೆಂಡತಿಗೆ ಹೇಳಲಿಲ್ಲ. ನಿನಗೆ ಹೇಳುವ ಬದಲು ನಿನ್ನ ತಪ್ಪನ್ನು ಎತ್ತಿ ಆಡಿದೆ. ನಿನ್ನ ಮೇಲೆ ಹಾಕಿದರೆ ನನ್ನದು ಹಗುರವಾಗುತ್ತದೆ ಅಂದುಕೊಂಡೆ. ಹನ್ನೊಂದು ವರ್ಷ ಒಂದು ಗುಲಗಂಜಿಯಷ್ಟೂ ಹಗುರವಾಗಲಿಲ್ಲ.

ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ಬೈಯುವುದಿದ್ದರೆ ಬೈ, ಮಾತು ಬಿಡುವುದಿದ್ದರೆ ಬಿಡು. ರಕ್ತ ಮಾತ್ರ ಕೊಟ್ಟು ಬಾ. ನಿನ್ನನ್ನೂ ಐದು ನಿಮಿಷ ಇರು ಅಂದು ಕಳೆದುಕೊಳ್ಳಲಾರೆ.

ಅಣ್ಣ

ಮೇ 12

ಸೂಜಿ,

ಇಪ್ಪತ್ತಾರು ದಿನವಾಯಿತು. ಅಂಚೆ ಕಚೇರಿಯ ಗುಮಾಸ್ತೆ ಈಗ ನನ್ನನ್ನು ದೂರದಲ್ಲಿ ಕಂಡರೇ ಇಲ್ಲವೆಂದು ತಲೆಯಾಡಿಸುತ್ತಾಳೆ. ಕಾಗದ ಬಂದರೆ ಮನೆಗೇ ಬರುತ್ತದೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಕೇಳುತ್ತೇನೆ.

ದಿನಾ ನಡೆಯುತ್ತಿದ್ದೇನೆ. ಅಷ್ಟೇ ಸುದ್ದಿ.

ಅಣ್ಣ

ಮೇ 30

ಅಣ್ಣ,

ನಿನ್ನ ಪತ್ರ ಓದಿ ಮೂರು ದಿನ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಎದುರಿಗೆ ಒಂದು ಸಮವಸ್ತ್ರದ ಚಡ್ಡಿ ಇತ್ತು, ಅದಕ್ಕೆ ಬೈಗುಳ ತಾಗಿತು. ಎರಡೂ ಕಾಲನ್ನು ಸೇರಿಸಿ ಹೊಲಿದುಬಿಟ್ಟಿದ್ದೆ. ಬಿಚ್ಚುತ್ತಾ ಕೂತಾಗ ಅಳು ಬಂತು, ಸಿಟ್ಟು ಹೋಯಿತು.

ಕೈ ನೋವು ನನಗೆ ಗೊತ್ತಿತ್ತು. ಎದೆ ನೋವು ನಿನಗೆ ಗೊತ್ತಿತ್ತು. ಅರ್ಧ ನನ್ನ ಹತ್ತಿರ, ಅರ್ಧ ನಿನ್ನ ಹತ್ತಿರ. ಅಪ್ಪ ಒಬ್ಬೊಬ್ಬರಿಗೆ ಒಂದೊಂದು ಹೇಳಿ ಇಬ್ಬರಿಗೂ ಹೊರೆಯಾಗಬಾರದೆಂದುಕೊಂಡ. ಎರಡು ಅರ್ಧ ಒಂದು ಕಡೆ ಸೇರಿದ್ದರೆ ಏನಾಗುತ್ತಿತ್ತೋ, ಯಾರಿಗೆ ಗೊತ್ತು. ಆಗ ನನಗೆ ಇಪ್ಪತ್ಮೂರು, ನಿನಗೆ ಇಪ್ಪತ್ತೇಳು. ನಾವೇನು ಡಾಕ್ಟರಾಗಿದ್ದೆವಾ? ಇಷ್ಟು ವರ್ಷ ನೀನು ಇದನ್ನು ಒಬ್ಬನೇ ಹೊತ್ತೆಯಲ್ಲ, ಅದಕ್ಕೆ ನನಗೆ ಜಾಸ್ತಿ ಸಿಟ್ಟು.

ಈ ಸಲ ಅರ್ಧ ನನ್ನ ಹತ್ತಿರ ಇಟ್ಟುಕೊಳ್ಳುವುದಿಲ್ಲ ಎಂದು ರಕ್ತ ಕೊಟ್ಟು ಬಂದೆ. ಇನ್ನೂರ ಮೂವತ್ತೊಂದು.

ಮತ್ತೆ ಓದಬೇಡ, ಸರಿಯಾಗಿಯೇ ಬರೆದಿದ್ದೇನೆ. ನಿನಗಿಂತ ಜಾಸ್ತಿ. ಇಪ್ಪತ್ತಾರು ಇಂಚಿನ ಸೊಂಟದವಳಿಗೆ! ನಿನ್ನ ಹೊಟ್ಟೆ ನೋಡಿ ನಗುತ್ತಿದ್ದೆ. ಡಾಕ್ಟರಮ್ಮ ವರದಿ ನೋಡಿ, "ಒಳ್ಳೇ ಸಮಯಕ್ಕೆ ಬಂದಿರಿ. ಯಾರು ಕಳಿಸಿದ್ದು?" ಅಂದರು. "ನಮ್ಮಣ್ಣ" ಅಂದೆ. ಎಷ್ಟು ವರ್ಷವಾಗಿತ್ತೋ ಆ ಮಾತು ಬಾಯಲ್ಲಿ ಬಂದು.

ಮಾತ್ರೆ ಶುರುವಾಗಿದೆ. ಕರಿದದ್ದು ನಿಂತಿದೆ. ದಿನಾ ನಡೆಯಬೇಕಂತೆ. ಮೆಷಿನ್ನು ತುಳಿಯುವುದು ಲೆಕ್ಕಕ್ಕಿಲ್ಲವಾ ಎಂದು ಕೇಳಿದೆ, ಇಲ್ಲವಂತೆ. ಭಯ ಇದೆ, ಅಣ್ಣ. ಆದರೆ ಗೊತ್ತಿಲ್ಲದಾಗ ಇದ್ದ ಭಯಕ್ಕಿಂತ ಇದು ಚಿಕ್ಕದು.

ಸೂಜಿ

ಮಾವ, ಅಮ್ಮನ ಕಾಗದದ ಕೆಳಗೆ ಜಾಗ ಇತ್ತು ಅಂತ ಬರೀತಿದೀನಿ. ನನ್ನ ರಕ್ತಾನೂ ಕೊಟ್ವಿ, ಸರಿಯಾಗಿದೆ. ಅಮ್ಮ ನಡೆಯೋಕೆ ಹೊರಟ್ರೆ ದಾರೀಲಿ ಸಿಕ್ಕವರ ಪ್ಯಾಂಟಿನ ಹೊಲಿಗೆ ನೋಡ್ತಾ ನಿಂತುಬಿಡ್ತಾಳೆ. ಏನು ಮಾಡ್ಲಿ?

ಜೂನ್ 6

ಸೂಜಿ,

ಇನ್ನೂರ ಮೂವತ್ತೊಂದು ಓದಿ ಬಿಸ್ಕತ್ತಿನ ಟ್ರೇ ಕೈಯಿಂದ ಜಾರಿತು. ಎಪ್ಪತ್ತೆರಡು ಬಿಸ್ಕತ್ತು ಒಟ್ಟಿಗೆ ಟಕ್ ಅಂದವು. ಆಮೇಲೆ "ಒಳ್ಳೇ ಸಮಯಕ್ಕೆ ಬಂದಿರಿ" ಓದಿದೆ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತೆ.

ನಿನ್ನ ಅತ್ತಿಗೆಗೂ ಎಲ್ಲ ಹೇಳಿದೆ. ಮೂಟೆಯ ವಿಷಯವನ್ನೂ. ಅವಳು ಬೈಯಲಿಲ್ಲ. ನನ್ನ ತಟ್ಟೆಗೆ ಇನ್ನಷ್ಟು ಸೊಪ್ಪು ಬಡಿಸಿದಳು.

ನನ್ನ ಸೋದರ ಸೊಸೆಗೆ ಹೇಳು: ಅಮ್ಮನ ಕೈಗೆ ಹೊಲಿದ ಬಟ್ಟೆಯ ಗಂಟು ಕೊಟ್ಟು ಗಿರಾಕಿಗಳ ಮನೆಗೆ ಕಳಿಸು. ತಲುಪಿಸುವ ಕೆಲಸವಿದ್ದರೆ ಅವಳು ನಿಲ್ಲುವುದಿಲ್ಲ. ನಾನೂ ಕಾಗದ ಇದ್ದದ್ದಕ್ಕೇ ನಡೆದದ್ದು.

ಓಟ್ಸ್ ಬ್ರೆಡ್ಡು ಕಳಿಸುತ್ತಿದ್ದೇನೆ. ಏಳನೇ ತಲೆಮಾರಿನದು, ಬಾಗಿಲಿಗೆ ಇಡುವಂಥದ್ದಲ್ಲ.

ಬನ್ ಅಣ್ಣ

ಸೆಪ್ಟೆಂಬರ್ 14

ಅಣ್ಣ,

ನೆನ್ನೆ ವರದಿ ಬಂತು. ನೂರ ಹದಿನೆಂಟು. ಡಾಕ್ಟರಮ್ಮ ಇನ್ನೂ ಸ್ವಲ್ಪ ಇಳಿಯಲಿ ಅನ್ನುತ್ತಾರೆ, ಆದರೆ ನಗುತ್ತಾ ಅನ್ನುತ್ತಾರೆ. ನಿನ್ನದು ನೂರ ಇಪ್ಪತ್ತೊಂದು ಎಂದು ಹೋದ ಕಾಗದದಲ್ಲಿ ಕೊಚ್ಚಿಕೊಂಡಿದ್ದೆಯಲ್ಲ. ನಿನಗಿಂತ ಮೂರು ಕಡಿಮೆ, ತಿಳಿದಿರಲಿ.

ಈಗ ಸಂಜೆ ಬಟ್ಟೆ ತಲುಪಿಸುವುದು ನಾನೇ. ಮೊದಲು ಮೂರು ಬೀದಿ, ಈಗ ಒಂಬತ್ತು. ಇಷ್ಟು ವರ್ಷ ಅಳತೆ ಮಾತ್ರ ಗೊತ್ತಿದ್ದ ಗಿರಾಕಿಗಳ ಮನೆಗಳು ಈಗ ಗೊತ್ತು. ನಿನ್ನ ಬ್ರೆಡ್ಡನ್ನು ಅವರಿಗೂ ರುಚಿ ತೋರಿಸಿದೆ. ಇಬ್ಬರು ಮತ್ತೆ ಕೇಳಿದರು. ಒಬ್ಬರು ಬಾಗಿಲು ತೆಗೆಯುತ್ತಿಲ್ಲ.

ಈ ತಿಂಗಳ ಇಪ್ಪತ್ತೇಳಕ್ಕೆ ನಿನಗೆ ಐವತ್ತೆರಡು ತುಂಬುತ್ತದೆ. ಅಪ್ಪ ನೋಡದ ವಯಸ್ಸು. ನೀನು ಯಾವ ಕಾಗದದಲ್ಲೂ ಅದನ್ನು ಬರೆಯಲಿಲ್ಲ, ನಾನೂ ಬರೆಯಲಿಲ್ಲ, ಇಬ್ಬರೂ ಜನವರಿಯಿಂದ ಅದನ್ನೇ ಎಣಿಸುತ್ತಿದ್ದೆವು.

ಆ ದಿನ ನಾನೂ ಮಗಳೂ ಬರುತ್ತಿದ್ದೇವೆ. ಒಂದು ಅಂಗಿಗೆ ಬಟ್ಟೆ ತಂದಿದ್ದೇನೆ, ನೀಲಿ. ಕತ್ತರಿ ಹಾಕಿಲ್ಲ. ದಾರ ನಂಬಿ ಹೊಲಿಯುವಷ್ಟು ದಡ್ಡಿಯಲ್ಲ ನಾನು. ಬಸ್ಸಿನಿಂದ ಎರಡು ನಿಲ್ದಾಣ ಮೊದಲೇ ಇಳಿದು ನಡೆದು ಬರುತ್ತೇವೆ. ನೀನೂ ಹತ್ತು ಗಂಟೆಗೆ ಅಂಗಡಿಯಿಂದ ಹೊರಡು. ಎಲ್ಲಿ ಎದುರಾಗುತ್ತೀಯೋ ಅಲ್ಲೇ, ನಡುರಸ್ತೆಯಲ್ಲೇ ನಿಲ್ಲಿಸಿ ಅಳತೆ ತೆಗೆದುಕೊಳ್ಳುತ್ತೇನೆ. ಆ ಮನೆಯಿಂದ ಹೊತ್ತುಕೊಂಡು ಬಂದ ಟೇಪು ಇದೆಯಲ್ಲ, ಅದನ್ನೇ ಕೊರಳಿಗೆ ಹಾಕಿಕೊಂಡು ಬರುತ್ತೇನೆ. ನನ್ನನ್ನು ಕಂಡ ತಕ್ಷಣ ಹೊಟ್ಟೆ ಒಳಗೆಳೆದುಕೊಳ್ಳಬೇಡ. ಉಸಿರು ಬಿಟ್ಟು ನಿಲ್ಲು.

ಹೊರಡುವ ಹೊತ್ತಿಗೆ ಕೈಯಲ್ಲಿ ಯಾವುದಾದರೂ ಕೇಕಿನ ಕೆಲಸವಿದ್ದರೆ ಗಾಬರಿಯಾಗಬೇಡ. ಹೂವು ಮುಗಿಸಿಯೇ ಬಾ. ಐದು ನಿಮಿಷ ತಾನೇ, ನಾನು ಕಾಯುತ್ತೇನೆ.

ನಿನ್ನ,
ಸೂಜಿ